ಪಾಸ್‌ವರ್ಡ್ ಸಾಹೇಬರದು, ನೋಟಿಸ್ ಆಪರೇಟರ್‌ಗೆ

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮಾಹಿತಿ ಭದ್ರತೆ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದೆ. ಸ್ಪೈರಲ್ ಬೈಂಡಿಂಗ್ ಮಾಡಿಸಿ ಇಟ್ಟಿದ್ದಾರೆ.

ವಿವಿಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ತಿಂಗಳು ಅದು ಬೀರುವಿನಿಂದ ಹೊರಗೆ ಬರುತ್ತದೆ. ಮುಖಪುಟದಲ್ಲಿ ವಿವಿಯ ಲಾಂಛನ, ಅದರ ಕೆಳಗೆ ಒಂದು ಬೀಗದ ಚಿತ್ರ. ಬೆಂಗಳೂರಿನ ನಾಗರಬಾವಿಯಲ್ಲಿ ಕೂತಿರುವ ನ್ಯಾಕ್ ತನ್ನ ನಾಲ್ಕನೇ ಮಾನದಂಡದಲ್ಲಿ ಒಂದು ಪ್ರಶ್ನೆ ಕೇಳುತ್ತಾ ಬಂದಿದೆ: ನಿಮ್ಮಲ್ಲಿ ಐಟಿ ನೀತಿ ಇದೆಯೆ? ಇದೆ ಎನ್ನಲು ಒಂದು ಪಿಡಿಎಫ್ ಸಾಕು. ಪಿಡಿಎಫ್ ಇತ್ತು. ಅಂಕ ಬಂತು. ತಂಡದವರು ಊಟ ಮಾಡಿ, ಶಾಲು ಹೊದ್ದು, ಗ್ರೂಪ್ ಫೋಟೊ ತೆಗೆಸಿಕೊಂಡು ಹೊರಟರು. ನೀತಿ ಬೀರುವಿಗೆ ಮರಳಿತು. ಆ ಬೀರುವಿಗೆ ಬೀಗ ಇದೆ. ಭದ್ರತೆ ಎಂದರೆ ಅಷ್ಟೇ.

ಅದರಲ್ಲಿ ‘ಪಾತ್ರಗಳು ಮತ್ತು ಜವಾಬ್ದಾರಿಗಳು’ ಎಂಬ ಅಧ್ಯಾಯವಿರುತ್ತದೆ. ಓದಿ ನೋಡಿ. ಕುಲಪತಿಗಳು ಮಾರ್ಗದರ್ಶನ ಮಾಡುತ್ತಾರೆ. ಕುಲಸಚಿವರು ಮೇಲ್ವಿಚಾರಣೆ ಮಾಡುತ್ತಾರೆ. ಡೀನರು ಸಹಕರಿಸುತ್ತಾರೆ. ವಿಭಾಗದ ಮುಖ್ಯಸ್ಥರು ಅರಿವು ಮೂಡಿಸುತ್ತಾರೆ. ಸಮಿತಿ ಕಾಲಕಾಲಕ್ಕೆ ಪರಾಮರ್ಶಿಸುತ್ತದೆ. ಎಲ್ಲರಿಗೂ ಒಂದೊಂದು ಕ್ರಿಯಾಪದ ಸಿಕ್ಕಿದೆ. ಸರ್ವರ್ ಕೆಟ್ಟ ರಾತ್ರಿ ಯಾರು ಎದ್ದು ಬರಬೇಕು ಎಂಬ ಒಂದು ಸಾಲು ಮಾತ್ರ ಎಲ್ಲೂ ಸಿಗುವುದಿಲ್ಲ.

ಇದನ್ನು ಬರೆದವರು ಯಾರು? ಯಾರೂ ಬರೆದಿಲ್ಲ. ಪಕ್ಕದ ವಿವಿಯಿಂದ ಇಳಿಸಿಕೊಂಡದ್ದು. ಪಕ್ಕದವರು ಇಳಿಸಿಕೊಂಡದ್ದು ಇಂಗ್ಲೆಂಡಿನದೋ ಅಮೆರಿಕದ್ದೋ. ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಕೂತು ಓದುವಾಗ ‘ಹಿಮಪಾತದ ಸಂದರ್ಭದಲ್ಲಿ ಸರ್ವರ್‌ಗಳ ರಕ್ಷಣೆ’ ಎಂಬ ಪ್ಯಾರಾ ಎದುರಾದರೆ ಬೆಚ್ಚಬೇಡಿ. ಮೈ ತಂಪಾಗುತ್ತದೆ, ಓದಿಕೊಳ್ಳಿ.

ಇದೇ ವಿವಿ ಸಂಶೋಧನಾ ವಿದ್ಯಾರ್ಥಿಯ ಪ್ರಬಂಧವನ್ನು ಕೃತಿಚೌರ್ಯ ಹಿಡಿಯುವ ತಂತ್ರಾಂಶಕ್ಕೆ ಹಾಕುತ್ತದೆ. ಯುಜಿಸಿಯ 2018ರ ನಿಯಮದ ಪ್ರಕಾರ ಹೋಲಿಕೆ ಶೇ 10 ದಾಟಿದರೆ ತಿದ್ದಿ ತರಬೇಕು. ಶೇ 60 ದಾಟಿದರೆ ನೋಂದಣಿಯೇ ರದ್ದು. ಭದ್ರತಾ ನೀತಿಯನ್ನು ಅದೇ ತಂತ್ರಾಂಶಕ್ಕೆ ಹಾಕುವ ಧೈರ್ಯ ಯಾರಿಗಿದೆ? ಹಾಕಿದರೆ ವಿಶ್ವವಿದ್ಯಾಲಯದ ನೋಂದಣಿಯನ್ನೇ ರದ್ದು ಮಾಡಬೇಕಾದೀತು.

ಕಾನೂನಿನ ಕಡೆ ಬನ್ನಿ. ದೇಶದ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ನೇ ಇಸವಿಯದು. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯೂ 2000ನೇ ಇಸವಿಯದೇ. ಒಂದೇ ವರ್ಷದ ಕೂಸುಗಳು. ಕಾಲು ಶತಮಾನವಾದರೂ ಒಂದರ ಮುಖ ಇನ್ನೊಂದು ನೋಡಿಲ್ಲ. ವಿವಿ ಕಾಯ್ದೆಯಲ್ಲಿ ಕುಲಪತಿ ಇದ್ದಾರೆ, ಕುಲಸಚಿವರಿದ್ದಾರೆ, ಮೌಲ್ಯಮಾಪನಕ್ಕೆಂದೇ ಇನ್ನೊಬ್ಬ ಕುಲಸಚಿವರಿದ್ದಾರೆ, ಹಣಕಾಸು ಅಧಿಕಾರಿ ಇದ್ದಾರೆ. ದುಡ್ಡಿಗೆ ಒಬ್ಬರು, ಅಂಕಕ್ಕೆ ಒಬ್ಬರು. ಆ ದುಡ್ಡೂ ಆ ಅಂಕವೂ ಈಗ ಕೂತಿರುವುದು ಕಂಪ್ಯೂಟರಿನಲ್ಲಿ. ಕಂಪ್ಯೂಟರಿಗೆ ಯಾರು?

ಮುಖ್ಯ ಮಾಹಿತಿ ಭದ್ರತಾ ಅಧಿಕಾರಿ ಎಂಬುವರೊಬ್ಬರು ಇರಬೇಕು ಎಂದು ದೆಹಲಿ ಹೇಳುತ್ತಲೇ ಇದೆ. ಅವರ ಕೆಲಸವೇನು ಎಂದು ಕೇಂದ್ರದ ಐಟಿ ಸಚಿವಾಲಯ 2017ರಲ್ಲೇ ಬರೆದು ಕಳಿಸಿತು. 2023ರ ಜೂನ್‌ನಲ್ಲಿ ಸೈಬರ್ ದಾಳಿಗಳನ್ನು ನಿಭಾಯಿಸುವ ಕೇಂದ್ರದ ಸಂಸ್ಥೆ ಸರ್ಟ್-ಇನ್ ಸರ್ಕಾರಿ ಸಂಸ್ಥೆಗಳಿಗೆಂದು ಮಾರ್ಗಸೂಚಿ ಹೊರಡಿಸಿ ಮತ್ತೆ ಹೇಳಿತು: ಅಂಥವರನ್ನು ನೇಮಿಸಿ, ಆಡಿಟ್ ಮಾಡಿಸಿ. 2024ರ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರ ತನ್ನದೇ ಸೈಬರ್ ಭದ್ರತಾ ನೀತಿ ಬಿಡುಗಡೆ ಮಾಡಿತು. ಮಳೆಗೆ ಬರವಿರಬಹುದು, ನೀತಿಗೆ ಈ ನಾಡಿನಲ್ಲಿ ಎಂದೂ ಬರವಿಲ್ಲ.

ವಿವಿ ಏನು ಮಾಡುತ್ತದೆ? ನೇಮಿಸುತ್ತದೆ. ಹೆಚ್ಚುವರಿ ಪ್ರಭಾರ ಎಂದು ನೇಮಿಸುತ್ತದೆ. ಹಾಸ್ಟೆಲ್ ವಾರ್ಡನ್, ಎನ್‌ಎಸ್‌ಎಸ್ ಸಂಯೋಜಕ, ಘಟಿಕೋತ್ಸವದ ಊಟೋಪಚಾರ ಉಪಸಮಿತಿಯ ಸದಸ್ಯ, ಇಷ್ಟೂ ಆಗಿರುವ ಪ್ರಾಧ್ಯಾಪಕರೊಬ್ಬರ ಹೆಗಲಿಗೆ ಇದೂ ಬೀಳುತ್ತದೆ. ಭತ್ಯೆ ಇಲ್ಲ. ಸಿಬ್ಬಂದಿ ಇಲ್ಲ. ಬಜೆಟ್ ಇಲ್ಲ. ಬಾಗಿಲಿಗೊಂದು ಫಲಕ ಇದೆ. ಇವರು ಸಾಹೇಬರ ಚೇಂಬರಿಗೆ ಹೋಗಿ ‘ಸರ್, ನಿಮ್ಮ ಪಾಸ್‌ವರ್ಡ್ ಬದಲಾಯಿಸಬೇಕು’ ಎನ್ನಬೇಕು. ಹೇಗೆ ಎಂದಾರು? ಇವರ ಬಡ್ತಿಯ ಕಡತ ಅದೇ ಮೇಜಿನ ಮೇಲೆ ಬಿದ್ದಿದೆ.

ಕುಲಪತಿ ಹುದ್ದೆಯೇ ತಿಂಗಳುಗಟ್ಟಲೆ ಪ್ರಭಾರದಲ್ಲಿ ಓಡುವ ನಾಡಿನಲ್ಲಿ ಪೂರ್ಣಾವಧಿ ಭದ್ರತಾ ಅಧಿಕಾರಿಯನ್ನು ಕೇಳುವುದು ಅತಿಯಾಸೆ. ಒಪ್ಪಿಕೊಳ್ಳೋಣ.

ಇನ್ನು ಸಾಹೇಬರ ಪಾಸ್‌ವರ್ಡ್. ಅದು ಸಾಹೇಬರಿಗೆ ಗೊತ್ತಿಲ್ಲ. ಆಪ್ತ ಸಹಾಯಕನಿಗೆ ಗೊತ್ತು. ಆಪ್ತ ಸಹಾಯಕ ರಜೆ ಹಾಕಿದರೆ ಡ್ರೈವರ್‌ಗೆ ಗೊತ್ತು. ಉಳಿದವರಿಗೂ ಅನುಕೂಲವಾಗಲಿ ಎಂದು ಮಾನಿಟರ್‌ಗೆ ಹಳದಿ ಚೀಟಿ ಅಂಟಿಸಿದ್ದಾರೆ. ಡಿಜಿಟಲ್ ಸಹಿಯ ಡಾಂಗಲ್ ಯಾರ ಡ್ರಾಯರಿನಲ್ಲಿದೆ ಎಂದು ಒಮ್ಮೆ ಕೇಳಿ ನೋಡಿ. ಕಾನೂನಿನ ಕಣ್ಣಲ್ಲಿ ಅದು ಕುಲಸಚಿವರು ಸ್ವಹಸ್ತದಿಂದ ಹಾಕಿದ ಸಹಿಗೆ ಸಮ. ಕಚೇರಿಯಲ್ಲಿ ಅದು ಸ್ಟೇಪ್ಲರ್ ಪಿನ್ನಿನ ಡಬ್ಬಿಯ ಪಕ್ಕ.

ಒಟಿಪಿ ಬಂದಮೇಲೆ ಈ ಕಾಟ ತಪ್ಪೀತು ಎಂದುಕೊಂಡಿದ್ದೆವು. ಅದಕ್ಕೂ ದಾರಿ ಸಿಕ್ಕಿತು.

‘ನಾನು ಮೀಟಿಂಗ್‌ನಲ್ಲಿರ್ತೀನಿ ಕಣಯ್ಯಾ. ಪದೇ ಪದೇ ಫೋನ್ ಮಾಡಿ ಒಟಿಪಿ ಕೇಳ್ಬೇಡ. ನಿನ್ ನಂಬರೇ ಹಾಕ್ಕೊಂಡ್ಬಿಡು.’

‘ಆಯ್ತು ಸಾರ್.’

ಎರಡು ಹಂತದ ಭದ್ರತೆ ಜಾರಿಗೆ ಬಂತು. ಎರಡೂ ಹಂತದಲ್ಲಿ ಒಬ್ಬನೇ ಆಪರೇಟರ್ ನಿಂತಿದ್ದಾನೆ.

ಯಾರು ಈ ಆಪರೇಟರ್? ಹೊರಗುತ್ತಿಗೆಯವನು. ಏಜೆನ್ಸಿ ಮೂಲಕ ಬಂದವನು. ಸಂಬಳ ಎರಡು ಮೂರು ತಿಂಗಳಿಗೊಮ್ಮೆ, ಅದೂ ಏಜೆನ್ಸಿಯವರು ಮುರಿದುಕೊಂಡು ಉಳಿದದ್ದು. ಪಿಎಫ್ ಕಟ್ಟಿದ್ದಾರೋ ಇಲ್ಲವೋ ಅವನಿಗೇ ಅನುಮಾನ. ಟೆಂಡರ್ ಆದಾಗೆಲ್ಲ ಏಜೆನ್ಸಿಯ ಹೆಸರು ಬದಲಾಗುತ್ತದೆ. ಅವನ ಕುರ್ಚಿ ಬದಲಾಗುವುದಿಲ್ಲ, ಸಂಬಳವೂ ಬದಲಾಗುವುದಿಲ್ಲ. ಅವನಿಗೆ ವಿವಿಯ ನೇಮಕಾತಿ ಆದೇಶ ಇಲ್ಲ. ನಾಳೆ ಬರಬೇಡ ಎಂದರೆ ಕೇಳಲು ಯೂನಿಯನ್ ಇಲ್ಲ. ವಿವಿಯ ಗುರುತಿನ ಚೀಟಿಯೂ ಇಲ್ಲದ ಈ ಹುಡುಗನ ಲಾಗಿನ್ನಿನಲ್ಲಿ ಲಕ್ಷಾಂತರ ಮಕ್ಕಳ ಅಂಕಗಳಿವೆ.

ಒಂದು ಡಜನ್ ಸೀಮೆಸುಣ್ಣದ ಡಬ್ಬಿ ಕೊಳ್ಳಲು ಮೂರು ಕೊಟೇಶನ್ ಬೇಕು, ನಾಲ್ಕು ಸಹಿ ಬೇಕು, ಆಡಿಟ್ ಆಕ್ಷೇಪಣೆಗೆ ಉತ್ತರ ಬೇಕು. 28 ಇದ್ದ ಅಂಕ 82 ಆಗಲು ಒಂದು ಎಂಟರ್ ಸಾಕು.

ಕೆಲಸ ಬಿಟ್ಟು ಹೋದವರ ಲಾಗಿನ್ ಏನಾಗುತ್ತದೆ? ಏನೂ ಆಗುವುದಿಲ್ಲ. ಅದು ಚಿರಂಜೀವಿ. ನಿವೃತ್ತರ ಪಿಂಚಣಿ ತಡವಾಗಬಹುದು, ಅವರ ಲಾಗಿನ್ ಒಂದು ದಿನವೂ ನಿಲ್ಲುವುದಿಲ್ಲ.

ಈ ಅಂಕಗಳು ಕೂತಿರುವ ಪರೀಕ್ಷಾ ವಿಭಾಗದ ಎದುರಿಗೇ ಕಂಪ್ಯೂಟರ್ ಸೈನ್ಸ್ ವಿಭಾಗ ಇರುತ್ತದೆ. ಅಲ್ಲಿ ಸೈಬರ್ ಸೆಕ್ಯುರಿಟಿ ಪಾಠ ನಡೆಯುತ್ತದೆ. ಪದವಿಗೂ ಸ್ನಾತಕೋತ್ತರಕ್ಕೂ ಬೇಕಾದ ಸೈಬರ್ ಭದ್ರತೆಯ ಪಠ್ಯಕ್ರಮವನ್ನು ಯುಜಿಸಿಯೇ 2022ರಲ್ಲಿ ಸಿದ್ಧಮಾಡಿ ಕೊಟ್ಟಿದೆ. ಹತ್ತು ಅಂಕದ ಪ್ರಶ್ನೆ: ‘ಬಲವಾದ ಪಾಸ್‌ವರ್ಡಿನ ಲಕ್ಷಣಗಳನ್ನು ವಿವರಿಸಿ.’ ಮಕ್ಕಳು ಎರಡೂವರೆ ಪುಟ ವಿವರಿಸುತ್ತಾರೆ. ಆ ಹತ್ತು ಅಂಕವನ್ನು ಕಂಪ್ಯೂಟರಿಗೆ ಏರಿಸುವ ಲಾಗಿನ್ನಿನ ಪಾಸ್‌ವರ್ಡ್ ಏನು? ವಿವಿಯ ಹೆಸರು, ಮುಂದೊಂದು ಅಟ್, ಮುಂದೆ ಒಂದು ಎರಡು ಮೂರು.

ಆ ವಿಭಾಗದ ಪ್ರಾಧ್ಯಾಪಕರನ್ನು ಎದುರಿನ ಕಟ್ಟಡಕ್ಕೆ ಯಾರೂ ಕರೆಯುವುದಿಲ್ಲ. ಕರೆದರೆ ಅವರೂ ಹೋಗುವುದಿಲ್ಲ. ಅವರು ‘ಕ್ಲೌಡ್ ಭದ್ರತೆಯ ಸವಾಲುಗಳು’ ಎಂಬ ಅಂತರರಾಷ್ಟ್ರೀಯ ಸಮ್ಮೇಳನದ ಬ್ಯಾನರ್ ಕಟ್ಟಿಸುವುದರಲ್ಲಿದ್ದಾರೆ. ನೋಂದಣಿ ಶುಲ್ಕ ಯಾರದೋ ಸ್ವಂತ ಖಾತೆಯ ಕ್ಯೂಆರ್ ಕೋಡ್‌ಗೆ.

ಎರಡನೇ ವರ್ಷದ ಹುಡುಗನೊಬ್ಬ ಈ ಪಾಠವನ್ನೆಲ್ಲ ನಿಜವೆಂದು ನಂಬಿಬಿಡುತ್ತಾನೆ ಎಂದಿಟ್ಟುಕೊಳ್ಳಿ. ಫಲಿತಾಂಶದ ಪುಟದಲ್ಲಿ ನೋಂದಣಿ ಸಂಖ್ಯೆಯ ಕೊನೆಯ ಅಂಕಿ ಬದಲಿಸಿದರೆ ಪಕ್ಕದವನ ಅಂಕಪಟ್ಟಿ, ಫೋಟೊ, ಅಪ್ಪನ ಮೊಬೈಲ್ ನಂಬರ್ ಎಲ್ಲ ತೆರೆದುಕೊಳ್ಳುತ್ತಿರುವುದನ್ನು ಗಮನಿಸುತ್ತಾನೆ. ಹುಡುಗ ಒಳ್ಳೆಯವನು. ವಿವಿಗೆ ಇ-ಮೇಲ್ ಬರೆಯುತ್ತಾನೆ. ಮೊದಲ ಮೇಲ್‌ಗೆ ಉತ್ತರ ಇಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ ಬರುತ್ತದೆ: ಪೋಷಕರನ್ನು ಕರೆದುಕೊಂಡು ಬಂದು ಕಾಣುವುದು. ‘ನೀನ್ಯಾಕಪ್ಪ ಅಲ್ಲಿಗೆ ಹೋಗಿದ್ದೆ?’ ಎಂಬುದು ಮೊದಲ ಪ್ರಶ್ನೆ. ಐಟಿ ಕಾಯ್ದೆಯ 66ನೇ ಸೆಕ್ಷನ್, ಮೂರು ವರ್ಷ ಜೈಲು, ಐದು ಲಕ್ಷ ದಂಡ ಎಂಬ ಮಾತುಗಳು ಎರಡನೆಯದು. ಕಾಲು ಶತಮಾನ ಹಳೆಯ ಕಾಯ್ದೆಯೊಂದು ಬೀರುವಿನಲ್ಲಿದೆ ಎಂದು ಆ ಕಚೇರಿಗೆ ನೆನಪಾಗುವುದು ಆವತ್ತೇ. ತೂತು ಹಾಗೇ ಇರುತ್ತದೆ. ಹುಡುಗ ಸುಮ್ಮನಾಗುತ್ತಾನೆ. ಸುಮ್ಮನಿರುವುದನ್ನು ಕಲಿಸುವುದೂ ಶಿಕ್ಷಣವೇ ತಾನೆ.

ವೈಯಕ್ತಿಕ ಮಾಹಿತಿಯ ಬಗ್ಗೆ ನಮ್ಮ ವಿವಿಗಳಿಗೆ ಅಪಾರ ಗೌರವವಿದೆ. ವಿದ್ಯಾರ್ಥಿ ತನ್ನದೇ ಉತ್ತರ ಪತ್ರಿಕೆ ಕೇಳಿದಾಗ ಆ ಗೌರವ ಉಕ್ಕಿ ಹರಿಯುತ್ತದೆ. ಮೌಲ್ಯಮಾಪನಗೊಂಡ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷೆ ಬರೆದವನಿಗೆ ಇದೆ ಎಂದು ಸುಪ್ರೀಂ ಕೋರ್ಟ್ ಸಿಬಿಎಸ್‌ಇ ಪ್ರಕರಣದಲ್ಲಿ 2011ರಲ್ಲೇ ಹೇಳಿದೆ. ಹೇಳಿದರೇನಂತೆ? ಅರ್ಜಿ ಹಾಕಿ, ಶುಲ್ಕ ಕಟ್ಟಿ, ಮೇಲ್ಮನವಿ ಹಾಕಿ, ಅಷ್ಟರಲ್ಲಿ ಮುಂದಿನ ಸೆಮಿಸ್ಟರ್ ಮುಗಿಸಿ.

ಅದೇ ವಿದ್ಯಾರ್ಥಿಯ ವಿದ್ಯಾರ್ಥಿವೇತನದ ಪಟ್ಟಿ ಬೇಕೆ? ಕೇಳಲೇಬೇಕಿಲ್ಲ. ವೆಬ್‌ಸೈಟಿನ ಸುತ್ತೋಲೆಗಳ ವಿಭಾಗದಲ್ಲಿ ಪಿಡಿಎಫ್ ಇದೆ. ಹೆಸರು, ತಂದೆಯ ಹೆಸರು, ಜಾತಿ, ಕುಟುಂಬದ ಆದಾಯ, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ, ಆಧಾರ್. ಕೊನೆಯಲ್ಲಿ ಕುಲಸಚಿವರ ಸಹಿ, ದುಂಡು ಸೀಲು. ‘ಸೂಚನಾ ಫಲಕಕ್ಕೆ’ ಎಂಬ ಷರಾ. ಇಡೀ ಜಗತ್ತೇ ಈಗ ಸೂಚನಾ ಫಲಕದ ಮುಂದೆ ನಿಂತಿದೆ ಎಂದು ಅವರಿಗೆ ಯಾರಾದರೂ ತಿಳಿಸಬಾರದೆ? ತಿಳಿಸಿದ ಹುಡುಗನಿಗೆ ಏನಾಯಿತು ಎಂದು ಮೇಲೆ ನೋಡಿದಿರಿ.

ಇದಕ್ಕೆಲ್ಲ ಮದ್ದಾಗಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ. ದತ್ತಾಂಶಕ್ಕೆ ತಕ್ಕ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ. ನಿವೃತ್ತರಿಗೆ ಪಿಂಚಣಿ ಕೊಡಲು ಪರದಾಡುವ ವಿವಿಗಳು ಆ ಅಂಕಿ ಓದಿ ನಡುಗಬೇಕಿತ್ತು. ನಡುಗಲಿಲ್ಲ. ನಡುಗಬೇಕಾದ ಕಾರಣವೂ ಇರಲಿಲ್ಲ. ನಿಯಮಗಳು ಹೊರಬರಲು 2025ರ ನವೆಂಬರ್ ಆಯಿತು. ಬಂದಮೇಲೂ ಪ್ರಜೆಯ ಮಾಹಿತಿ ಕಾಪಾಡುವ ಮುಖ್ಯ ಕಲಮುಗಳಿಗೆ 18 ತಿಂಗಳ ಗಡುವು. ಪಾಪ, ತಯಾರಿಗೆ ಸಮಯ ಬೇಕಲ್ಲ.

ಒಂದು ಕಲಮಿಗೆ ಮಾತ್ರ ಸಮಯ ಬೇಕಾಗಲಿಲ್ಲ. 44(3). ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂಬ ಕಾರಣಕ್ಕೇ ಅರ್ಜಿಯನ್ನು ತಳ್ಳಿಹಾಕಲು ಅನುವು ಮಾಡಿಕೊಟ್ಟ ಕಲಮು ಅದು. ಅದು ಕೂಡಲೇ ಜಾರಿಗೆ ಬಂತು. ಅಂದರೆ, ನಮ್ಮ ಮಾಹಿತಿಯನ್ನು ಅವರಿಂದ ಕಾಯುವ ಬಾಗಿಲಿಗೆ ಒಂದೂವರೆ ವರ್ಷ ಬಡಗಿಯೇ ಬರುವುದಿಲ್ಲ. ಅವರ ಮಾಹಿತಿಯನ್ನು ನಮ್ಮಿಂದ ಕಾಯುವ ಬಾಗಿಲು ಅಂದೇ ಮುಚ್ಚಿತು. ಭದ್ರತೆಯಲ್ಲಿ ಆದ್ಯತೆ ಎಂದರೆ ಹೀಗಿರಬೇಕು.

ನಮ್ಮ ವಿವಿಗಳನ್ನೇ ಬೈದರೆ ಅನ್ಯಾಯವಾದೀತು. ಅವು ಯಾರನ್ನು ನೋಡಿ ಕಲಿಯಬೇಕೋ ಅವರನ್ನೂ ನೋಡೋಣ. ದೇಶದ ಎಲ್ಲ ವಿವಿಗಳಿಗೆ ಸೈಬರ್ ನೈರ್ಮಲ್ಯ ಬೋಧಿಸುವುದು ಯುಜಿಸಿ. ಪ್ರತಿ ತಿಂಗಳ ಮೊದಲ ಬುಧವಾರ ‘ಸೈಬರ್ ಜಾಗರೂಕತಾ ದಿವಸ’ ಆಚರಿಸಿ ಎಂದು ಅದು 2021ರಲ್ಲಿ ಪತ್ರ ಬರೆಯಿತು. 2022ರ ಏಪ್ರಿಲ್‌ನಲ್ಲಿ ಯುಜಿಸಿಯದೇ ಟ್ವಿಟರ್ ಖಾತೆ ಹ್ಯಾಕ್ ಆಯಿತು. ಉನ್ನತ ಶಿಕ್ಷಣದ ಅತ್ಯುನ್ನತ ಸಂಸ್ಥೆಯ ಖಾತೆಯಿಂದ ಎನ್‌ಎಫ್‌ಟಿ ಮಾರಾಟದ ಟ್ವೀಟುಗಳು ಸುರಿದವು. ಹ್ಯಾಕ್ ಆದದ್ದು ಬುಧವಾರವಲ್ಲ, ವಾರಾಂತ್ಯದಲ್ಲಿ. ಜಾಗರೂಕತೆಗೆ ಬುಧವಾರ ನಿಗದಿಯಾಗಿತ್ತು. ಕಳ್ಳರು ಸುತ್ತೋಲೆ ಓದಿರಲಿಲ್ಲ.

ಎರಡು ವರ್ಷ ಬಿಟ್ಟು ಯುಜಿಸಿ-ನೆಟ್. 2024ರ ಜೂನ್ 18ರಂದು ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆದರು. ಮಾರನೇ ದಿನ ರದ್ದಾಯಿತು. ಪ್ರಶ್ನೆಪತ್ರಿಕೆ ಟೆಲಿಗ್ರಾಂನಲ್ಲಿ ಓಡಾಡಿದೆ ಎಂಬ ಸುಳಿವು ಗೃಹ ಸಚಿವಾಲಯದ ಸೈಬರ್ ಘಟಕದಿಂದ ಬಂದಿತ್ತು. ಆಮೇಲೆ ಸಿಬಿಐ ತನಿಖೆ ಮಾಡಿ, ಆ ಸ್ಕ್ರೀನ್‌ಶಾಟ್ ತಿದ್ದಿದ್ದು ಎಂದಿತು. ಸೋರಿದ್ದೇ ಇಲ್ಲದ ಪತ್ರಿಕೆಗಾಗಿ ಲಕ್ಷಾಂತರ ಜನ ಮತ್ತೆ ಬಸ್ಸು ಹತ್ತಿದರು. ಸೋರಿದರೆ ಗೊತ್ತಾಗುವುದಿಲ್ಲ, ಸೋರದಿದ್ದರೂ ಗೊತ್ತಾಗುವುದಿಲ್ಲ. ಇದನ್ನು ಗೋಪ್ಯತೆಯ ಪರಾಕಾಷ್ಠೆ ಎನ್ನೋಣವೆ?

ನಗಬೇಡಿ. ನಾವೂ ಕಡಿಮೆಯವರಲ್ಲ. 2016ರಲ್ಲಿ ನಮ್ಮ ದ್ವಿತೀಯ ಪಿಯು ರಸಾಯನಶಾಸ್ತ್ರದ ಪತ್ರಿಕೆ ಮಾರ್ಚ್ 21ಕ್ಕೆ ಸೋರಿತು. 31ಕ್ಕೆ ಇಟ್ಟ ಮರುಪರೀಕ್ಷೆಯದೂ ಸೋರಿತು. ಮಕ್ಕಳು ಮೂರನೇ ಸಲ ಓದಿಕೊಂಡು ಏಪ್ರಿಲ್ 12ಕ್ಕೆ ಬರೆದರು. ಆ ವರ್ಷದ ಮಕ್ಕಳಷ್ಟು ರಸಾಯನಶಾಸ್ತ್ರ ಓದಿದವರು ರಾಜ್ಯದ ಇತಿಹಾಸದಲ್ಲೇ ಇರಲಾರರು.

ಇನ್ನು ಜವಾಬ್ದಾರಿ ನುಣುಚಿಕೊಳ್ಳುವ ಹೊಸ ಸೌಕರ್ಯವೊಂದಿದೆ. ಹೆಸರು ಯುಯುಸಿಎಂಎಸ್. ರಾಜ್ಯದ ವಿವಿಗಳ ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲವನ್ನೂ ಒಂದೇ ಪೋರ್ಟಲ್‌ಗೆ ತಂದ ಏರ್ಪಾಡು. ಫಲಿತಾಂಶ ತಡ, ಅಂಕ ನಾಪತ್ತೆ ಎಂದು ಮಕ್ಕಳು ಬೀದಿಗಿಳಿದಾಗ ಕಾಲೇಜು ವಿವಿಯತ್ತ ಕೈ ತೋರಿಸಿತು. ವಿವಿ ಪೋರ್ಟಲ್‌ನತ್ತ ಕೈ ತೋರಿಸಿತು. ಪೋರ್ಟಲ್‌ಗೆ ಕೈ ಇಲ್ಲ. ಮೊದಲು ಬೈಯಲು ಒಬ್ಬ ಗುಮಾಸ್ತನಾದರೂ ಕಿಟಕಿಯಲ್ಲಿ ಸಿಗುತ್ತಿದ್ದ. ಈಗ ಗಿರಗಿರ ತಿರುಗುವ ಒಂದು ಚಕ್ರ ಸಿಗುತ್ತದೆ.

ಈಗ ಆರು ಗಂಟೆಯ ಕಥೆ ಕೇಳಿ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಒಂದು ಆದೇಶ ಹೊರಡಿಸಿತು. ಸೈಬರ್ ದಾಳಿ, ದತ್ತಾಂಶ ಸೋರಿಕೆ, ವೆಬ್‌ಸೈಟ್ ವಿರೂಪ ಇಂಥವು ಗಮನಕ್ಕೆ ಬಂದ ಆರು ಗಂಟೆಯೊಳಗೆ ತನಗೆ ತಿಳಿಸಬೇಕು. ಸರ್ವರ್‌ಗಳ ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು. ಸರ್ಕಾರಿ ಸಂಸ್ಥೆಗಳಿಗೂ ವಿನಾಯಿತಿ ಇಲ್ಲ. ಇ-ಮೇಲ್ ಮಾಡಬಹುದು, ಫೋನ್ ಮಾಡಬಹುದು, ಫ್ಯಾಕ್ಸ್ ಕೂಡ ಮಾಡಬಹುದು. ತಪ್ಪಿದರೆ ಒಂದು ವರ್ಷದವರೆಗೆ ಜೈಲು. ಹಾಗೆ ಜೈಲಿಗೆ ಹೋದ ಕುಲಸಚಿವರ ಹೆಸರು ನಿಮಗೆ ಗೊತ್ತಿದ್ದರೆ ನನಗೂ ತಿಳಿಸಿ.

ಆರು ಗಂಟೆ. ಯಾವುದೇ ವಿವಿಯ ಆಡಳಿತ ಭವನದಲ್ಲಿ ಆರು ಗಂಟೆಯಲ್ಲಿ ಏನೇನು ಆಗಬಹುದು?

ಬೆಳಿಗ್ಗೆ ಹತ್ತಕ್ಕೆ ವಿವಿಯ ವೆಬ್‌ಸೈಟ್ ತೆರೆದರೆ ರಮ್ಮಿ ಆಡಲು ಬನ್ನಿ ಎಂಬ ಜಾಹೀರಾತು. ಮೊದಲು ನೋಡಿದವರು ವಿದ್ಯಾರ್ಥಿಗಳು. ಹತ್ತೂಕಾಲಿಗೆ ಜಿಲ್ಲೆಯ ವಾಟ್ಸ್‌ಆ್ಯಪ್ ಗುಂಪುಗಳಿಗೆಲ್ಲ ಗೊತ್ತು. ಹನ್ನೊಂದಕ್ಕೆ ಆಪರೇಟರ್ ಬೆವರುತ್ತಾ ಆಪ್ತ ಸಹಾಯಕನ ಬಳಿ ಓಡುತ್ತಾನೆ. ಸಾಹೇಬರು ಸಿಂಡಿಕೇಟ್ ಸಭೆಯಲ್ಲಿದ್ದಾರೆ. ಹನ್ನೆರಡೂವರೆಗೆ ಸಭೆಯ ನಡುವೆ ಚೀಟಿ ಹೋಗುತ್ತದೆ. ಚೀಟಿ ವಾಪಸು ಬರುತ್ತದೆ: ‘ಟಿಪ್ಪಣಿ ಮಂಡಿಸಿ.’ ಒಂದೂವರೆಗೆ ಊಟ. ಎರಡೂವರೆಗೆ ವಿಷಯ ನಿರ್ವಾಹಕರು ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ನುಡಿಯಲ್ಲಿ ಟೈಪ್ ಮಾಡಲು ಕೂರುತ್ತಾರೆ. ಮೂರಕ್ಕೆ ಅಧೀಕ್ಷಕರು. ಮೂರೂಕಾಲಿಗೆ ಸಹಾಯಕ ಕುಲಸಚಿವರು. ‘ರಮ್ಮಿ’ ಎಂಬ ಪದ ಕಡತದಲ್ಲಿ ಬೇಡ, ‘ಅನಪೇಕ್ಷಿತ ವಿಷಯ’ ಎಂದು ತಿದ್ದಿ ತನ್ನಿ ಎನ್ನುತ್ತಾರೆ. ಮೂರೂ ಮುಕ್ಕಾಲಿಗೆ ಉಪ ಕುಲಸಚಿವರು. ನಾಲ್ಕಕ್ಕೆ ಕುಲಸಚಿವರ ಮೇಜು. ಹಸಿರು ಶಾಯಿಯಲ್ಲಿ ಒಂದೇ ಶಬ್ದ: ‘ಚರ್ಚಿಸಿ.’

ಆರು ಗಂಟೆ ಮುಗಿಯಿತು. ಸರ್ಟ್-ಇನ್ ವಿಳಾಸ ಯಾರ ಬಳಿಯೂ ಇರಲಿಲ್ಲ. ಅದು ಬೀರುವಿನಲ್ಲಿರುವ ನೀತಿಯ ಅನುಬಂಧದಲ್ಲಿದೆ.

ಸಂಜೆ ಐದಕ್ಕೆ ಪತ್ರಿಕಾ ಪ್ರಕಟಣೆ: ವೆಬ್‌ಸೈಟ್ ಹ್ಯಾಕ್ ಆಗಿಲ್ಲ, ನಿರ್ವಹಣೆಯಲ್ಲಿದೆ.

ಲಾಗ್‌ಗಳನ್ನಾದರೂ ನೋಡೋಣ ಎಂದರೆ ಅವಿಲ್ಲ. ಡಿಸ್ಕ್ ತುಂಬಿತ್ತು, ಅಳಿಸಿದರು. ಘಟಿಕೋತ್ಸವದ ಡ್ರೋನ್ ವಿಡಿಯೊ ಇಡಲು ಜಾಗ ಬೇಕಿತ್ತು. ಬ್ಯಾಕಪ್? ಓಹೋ, ಬ್ಯಾಕಪ್ ಇದೆ. ಅದೇ ಸರ್ವರಿನ ಡಿ ಡ್ರೈವಿನಲ್ಲಿ.

ದೆಹಲಿಯ ಏಮ್ಸ್ ಕೂಡ ಒಂದು ವಿದ್ಯಾಸಂಸ್ಥೆ, ಅದೂ ರಾಷ್ಟ್ರೀಯ ಮಹತ್ವದ್ದು. 2022ರ ನವೆಂಬರ್ 23ರಂದು ಅಲ್ಲಿನ ಐದು ಸರ್ವರ್‌ಗಳು ದಾಳಿಗೆ ಸಿಕ್ಕವು. ಸುಮಾರು 1.3 ಟೆರಾಬೈಟ್ ದತ್ತಾಂಶ ಬೀಗ ಹಾಕಿಸಿಕೊಂಡಿತು. ದಿನಗಟ್ಟಲೆ ವೈದ್ಯರು ಕೈಬರಹದಲ್ಲಿ ಚೀಟಿ ಬರೆದರು. ಜಾಲವನ್ನು ಸರಿಯಾಗಿ ವಿಭಾಗಿಸದೇ ಇದ್ದದ್ದೇ ಕಾರಣ ಎಂದು ಸರ್ಕಾರ ಸಂಸತ್ತಿಗೆ ಉತ್ತರ ಕೊಟ್ಟಿತು. ಜಾಲ ಹೇಗೆ ಕಟ್ಟಬೇಕು, ಅದಕ್ಕೆ ಹಣ ಎಷ್ಟು, ಜನ ಎಷ್ಟು ಎಂಬುದು ಮೇಲಿನವರು ತೀರ್ಮಾನಿಸುವ ಸಂಗತಿ. ಅಮಾನತಾದದ್ದು ಯಾರು? ಇಬ್ಬರು ಅನಲಿಸ್ಟ್‌ಗಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯ ನಮ್ಮ ಹಳ್ಳಿಗಳಲ್ಲಿ ಮಾತ್ರ ಇದ್ದಾನೆ ಎಂದುಕೊಂಡಿದ್ದೆ.

ಬೇರೆ ರೀತಿಯೂ ಇದೆ. ನೆದರ್‌ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಮೇಲೆ 2019ರ ಡಿಸೆಂಬರ್ 23ರಂದು ದಾಳಿಯಾಯಿತು. 267 ಸರ್ವರ್‌ಗಳು ಹೋದವು. ಅವರು 30 ಬಿಟ್‌ಕಾಯಿನ್, ಅಂದಿನ ಲೆಕ್ಕದಲ್ಲಿ ಸುಮಾರು ಎರಡು ಲಕ್ಷ ಯೂರೊ, ಕೊಟ್ಟು ಬಿಡಿಸಿಕೊಂಡರು. ಸುಲಿಗೆಕೋರರಿಗೆ ದುಡ್ಡು ಕೊಟ್ಟದ್ದು ಸರಿಯೇ ಎಂದು ನೀವು ಕೇಳಬಹುದು. ಅವರನ್ನೂ ಅಲ್ಲಿನ ಜನ ಕೇಳಿದರು. ಆದರೆ 2020ರ ಫೆಬ್ರುವರಿ 5ರಂದು ಅದೇ ವಿವಿ ಎಲ್ಲರನ್ನೂ ಕರೆದು ಕೂರಿಸಿ ಆದದ್ದನ್ನೆಲ್ಲ ಹೇಳಿತು: ಅಕ್ಟೋಬರ್‌ನಲ್ಲಿ ಬಂದ ಮೋಸದ ಮೇಲ್ ತೆರೆದಿದ್ದೆವು, ಕಳ್ಳರು ಎರಡು ತಿಂಗಳು ಒಳಗೇ ಓಡಾಡಿಕೊಂಡಿದ್ದರು, ಇಂತಿಂಥದ್ದನ್ನು ನಾವು ಮಾಡಿರಲಿಲ್ಲ. ತನಿಖಾ ವರದಿಯನ್ನೂ ಬಯಲಿಗಿಟ್ಟರು. ಮುಂದೆ ಪೊಲೀಸರು ಆ ಬಿಟ್‌ಕಾಯಿನ್‌ನ ಒಂದು ಪಾಲನ್ನು ಪತ್ತೆಹಚ್ಚಿದರು. ಅಷ್ಟರಲ್ಲಿ ಅದರ ಬೆಲೆ ಏರಿ, 2022ರಲ್ಲಿ ವಿವಿಗೆ ಮರಳುವ ಹೊತ್ತಿಗೆ ಐದು ಲಕ್ಷ ಯೂರೊ ಆಗಿತ್ತು. ಕಷ್ಟದಲ್ಲಿರುವ ವಿದ್ಯಾರ್ಥಿಗಳ ನೆರವಿಗೆ ಅದನ್ನು ಇಡುವುದಾಗಿ ಹೇಳಿದರು.

ಕಳ್ಳತನದಲ್ಲೂ ಲಾಭ ಮಾಡಿಕೊಂಡ ವಿವಿ! ನಮ್ಮವರು ಈ ಕಥೆ ಓದಿದರೆ ಬಿಟ್‌ಕಾಯಿನ್ ಖರೀದಿಗೆ ಒಂದು ಉಪಸಮಿತಿ ಮಾಡಿಯಾರು. ಎಲ್ಲರನ್ನೂ ಕರೆದು ಕೂರಿಸಿ ಹೇಳಿದ ಭಾಗವನ್ನು ಮಾತ್ರ ಬಿಟ್ಟಾರು.

ನಮ್ಮಲ್ಲಿ ರಮ್ಮಿಯ ಮಾರನೇ ದಿನ ಏನಾಗುತ್ತದೆ? ಸತ್ಯಶೋಧನಾ ಸಮಿತಿ ರಚನೆಯಾಗುತ್ತದೆ. ಅಧ್ಯಕ್ಷರು ನಿವೃತ್ತ ಕುಲಪತಿಗಳು, ಇನ್ನೊಂದು ಊರಿನವರು. ಸದಸ್ಯರು ನಾಲ್ವರು. ಪ್ರಭಾರ ಭದ್ರತಾ ಅಧಿಕಾರಿಗಳು ಸದಸ್ಯ ಕಾರ್ಯದರ್ಶಿ. ತಮ್ಮ ವಿಚಾರಣೆಯ ನಡಾವಳಿಯನ್ನು ತಾವೇ ಬರೆಯುತ್ತಾರೆ. ಹದಿನೈದು ದಿನದ ಅವಧಿ. ಮೂರು ಸಲ ವಿಸ್ತರಣೆ. ಟಿಎ, ಡಿಎ, ಅತಿಥಿಗೃಹ, ರಾಗಿಮುದ್ದೆ.

ಸಮಿತಿ ಆಪರೇಟರ್‌ನನ್ನು ಕರೆಯುತ್ತದೆ. ‘ಪಾಸ್‌ವರ್ಡ್ ನಿನ್ನ ಹತ್ತಿರ ಯಾಕಿತ್ತು?’ ಸಾಹೇಬರು ಕೊಟ್ಟಿದ್ದರು. ‘ಲಿಖಿತ ಆದೇಶ ಇದೆಯಾ?’ ಇಲ್ಲ ಸಾರ್. ‘ಹಾಗಾದರೆ ನೀನೇ ತಗೊಂಡಿದ್ದೀಯ.’ ಇಷ್ಟಕ್ಕೆ ಸತ್ಯ ಶೋಧನೆಯಾಯಿತು. ಅವನನ್ನು ಅಮಾನತು ಮಾಡೋಣ ಎಂದರೆ ಅವನು ನೌಕರನೇ ಅಲ್ಲ. ಕಾರಣ ಕೇಳಿ ನೋಟಿಸ್ ಕೊಟ್ಟು, ಉತ್ತರ ಬರುವ ಮೊದಲೇ ಏಜೆನ್ಸಿಗೆ ಪತ್ರ ಹೋಗುತ್ತದೆ: ಸದರಿಯವರನ್ನು ಹಿಂಪಡೆದು ಬದಲಿ ವ್ಯವಸ್ಥೆ ಮಾಡುವುದು. ಬಾಕಿ ಮೂರು ತಿಂಗಳ ಸಂಬಳದ ಬಗ್ಗೆ ಪತ್ರದಲ್ಲಿ ಉಲ್ಲೇಖವಿಲ್ಲ.

ಬದಲಿ ಹುಡುಗ ಬಂದ. ಹಳೆಯವನ ಪಾಸ್‌ವರ್ಡನ್ನೇ ಅವನಿಗೂ ಕೊಟ್ಟರು. ಹಳೆಯವನ ಬಳಿಯೂ ಅದು ಇದೆ.

ಸಮಿತಿಯ ಎರಡನೇ ಶಿಫಾರಸು: ಹೊಸ ಫೈರ್‌ವಾಲ್. ತುರ್ತು ಎಂದು ಟೆಂಡರ್ ಇಲ್ಲದೆ, ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿಯಡಿ. ಹಳೆಯ ಫೈರ್‌ವಾಲ್ ಏನಾಗಿತ್ತು ಎಂದು ಯಾರೂ ಕೇಳಲಿಲ್ಲ. ಏನೂ ಆಗಿರಲಿಲ್ಲ. ಸರ್ವರ್ ರೂಮಿನ ಮೂಲೆಯಲ್ಲಿ, ಹಳೆಯ ಉತ್ತರ ಪತ್ರಿಕೆಗಳ ಮೂಟೆಯ ಕೆಳಗೆ, ಪೆಟ್ಟಿಗೆ ಬಿಚ್ಚದೆ ಇತ್ತು. ಮೂರನೇ ಶಿಫಾರಸು: ಹೊಸ ಮಾಹಿತಿ ಭದ್ರತಾ ನೀತಿ ರೂಪಿಸುವುದು. ಮುಂದಿನ ನ್ಯಾಕ್ ಹತ್ತಿರ ಬರುತ್ತಿದೆ.

ವರದಿ ಮುಚ್ಚಿದ ಲಕೋಟೆಯಲ್ಲಿ ಸಲ್ಲಿಕೆಯಾಯಿತು. ಸಿಂಡಿಕೇಟ್ ಅದನ್ನು ‘ಗಮನಿಸಿತು’. ಪ್ರತಿ ಕೊಡಿ ಎಂದು ಆರ್‌ಟಿಐ ಅರ್ಜಿ ಹಾಕಿದರೆ ಉತ್ತರ ಬರುತ್ತದೆ: ಅಧಿಕಾರಿಗಳ ವೈಯಕ್ತಿಕ ಮಾಹಿತಿ ಇರುವುದರಿಂದ ಕೊಡಲು ಬರುವುದಿಲ್ಲ. ಪ್ರಶ್ನೆಪತ್ರಿಕೆ ಸೋರಿತು. ಅಂಕಪಟ್ಟಿ ಸೋರಿತು. ಬಡವರ ಮಕ್ಕಳ ಆಧಾರ್, ಬ್ಯಾಂಕ್ ಖಾತೆ, ಅಪ್ಪನ ಆದಾಯ ಎಲ್ಲ ಸೋರಿತು. ಆ ವರದಿ ಮಾತ್ರ ಇವತ್ತಿನವರೆಗೆ ಒಂದು ಪುಟವೂ ಸೋರಿಲ್ಲ.